ತೋಳಿಗೆ ಹಚ್ಚಿದ ಮದ್ದು

ಇಸ್ತ್ರಿಯಮ್ಮನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಕೆಳಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ, ಮೇಲೆ ಮನೆ. ಹಾಗಾಗಿ ಬೀದಿಯವರ ಬಾಯಲ್ಲಿ ಆಕೆ ಇಸ್ತ್ರಿಯಮ್ಮ. ಗಂಡ ತೀರಿಕೊಂಡ ಮೇಲೂ ಅಂಗಡಿ ಮುಚ್ಚದೆ ನಡೆಸಿಕೊಂಡು ಬಂದ ಹೆಂಗಸು. ಅರ್ಧ ಆಯುಷ್ಯ ಬಿಸಿಯ ಎದುರು ನಿಂತವಳಿಗೆ ಸೆಕೆ ಯಾವ ಲೆಕ್ಕ? ಆದರೆ ಈಗ ಬರುತ್ತಿದ್ದ ಸೆಕೆಯ ರೀತಿಯೇ ಬೇರೆ. ಎದೆಯಲ್ಲಿ ಹುಟ್ಟಿ, ಕುತ್ತಿಗೆಗೆ ಏರಿ, ಕಿವಿಯಲ್ಲಿ ಹೊಗೆಯಾಡಿದಂತಾಗುತ್ತಿತ್ತು. ಮೂಗಿನ ತುದಿಯ ಬೆವರು ಗಿರಾಕಿಗಳ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಇಳಿಯಿತು ಎನ್ನುವಷ್ಟರಲ್ಲಿ ಹಲ್ಲು ಕಡಿಯುವ ಚಳಿ. ನಿದ್ದೆಯಂತೂ ಮನೆ ಬಿಟ್ಟು ಹೋಗಿತ್ತು.

ನಿದ್ದೆಗೆಟ್ಟವರ ಬಾಯಿ ನೆಟ್ಟಗಿರುವುದಿಲ್ಲ. ಒಂದು ದಿನ ವಕೀಲರೊಬ್ಬರ ಕೋಟಿನ ಬೆನ್ನು ಸುಟ್ಟಳು. ಇನ್ನೊಂದು ಬೆಳಿಗ್ಗೆ, ಸೊಸೆ ಮೊಟ್ಟೆಗೆ ಉಪ್ಪು ಮರೆತಳೆಂದು ತಟ್ಟೆಯನ್ನೇ ತಳ್ಳಿದಳು. ತಟ್ಟೆ ಜಾರಿ ಮೊಮ್ಮಗಳ ಕಾಲ ಬಳಿ ಬಿತ್ತು.

"ಅತ್ತೆ, ಉಪ್ಪಿನ ಡಬ್ಬಿ ನಿಮ್ಮ ಕೈ ಹತ್ರಾನೇ ಇದೆಯಲ್ಲ," ಎಂದಳು ಸೊಸೆ. ಆಕೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಿರಾಕಿಗಳನ್ನು ಸಂಭಾಳಿಸಿ, ದನಿ ಏರಿಸದೆ ಚುಚ್ಚುವುದು ಕರಗತವಾಗಿತ್ತು.

"ಹತ್ರ ಇದ್ರೆ? ಅದನ್ನೂ ನಾನೇ ಹಾಕ್ಕೋಬೇಕಾ?"

"ಅಮ್ಮ, ಬಿಡಮ್ಮ," ಎಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲಿ ಜಗಳ ಹತ್ತಿದರೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವನ ಹಾಗೆ ನಿಂತುಬಿಡುತ್ತಿದ್ದ.

ಮೂಲೆಯ ಕುರ್ಚಿಯಿಂದ ಮುತ್ತಜ್ಜಿ ನಕ್ಕಳು. ಎಂಬತ್ತು ದಾಟಿದ ಈಕೆ ಇಸ್ತ್ರಿಯಮ್ಮನ ಅತ್ತೆ. ಕಣ್ಣು ಮಂಜಾದರೂ ನಾಲಿಗೆಯ ಮೊನೆ ಮೊಂಡಾಗಿರಲಿಲ್ಲ.

"ಇಸ್ತ್ರಿ ಮಾಡೋಳಿಗೆ ಸ್ತ್ರೀತನ ಹೋಯ್ತು ಅಂತ ಸಂಕಟ. ನಮಗೇನು ನಿಲ್ಲಲಿಲ್ವಾ? ನಾನು ಯಾರ ಮೇಲೆ ತಟ್ಟೆ ಎಸೆದೆ?"

"ನೀವು ಎಸೆದಿದ್ದು ಲೋಟ, ಅತ್ತೆಮ್ಮ. ನನ್ನ ಹಣೆ ಮೇಲೆ ಗುರುತಿದೆ."

"ಅದು ಬೇರೆ ಕಾರಣಕ್ಕೆ," ಎಂದಳು ಮುತ್ತಜ್ಜಿ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಆ ಮೂರನೇ ಮನೆ ಟೈಲರಮ್ಮ ಏನೋ ಹಾರ್ಮೋನು ಅಂತ ತಗೊಂಡ್ಳಂತೆ. ಹೋದ ವಯಸ್ಸನ್ನ ಬಾಡಿಗೆಗೆ ತರ್ತಾರಂತೆ! ನೀನೂ ಹೋಗಿ ತಗೊಂಡು ಬಾ, ಮತ್ತೆ ಲಗ್ನ ಮಾಡೋಣ," ಎಂದಳು.

ಸೊಸೆಗೂ ನಗು ತಡೆಯಲಾಗಲಿಲ್ಲ. ಆ ನಗು ಇಸ್ತ್ರಿಯಮ್ಮನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮುಂದಿನ ವಾರ ಸೋಪು ತರುತ್ತೇನೆಂದು ಹೇಳಿ, ಯಾರಿಗೂ ಸುಳಿವು ಕೊಡದೆ ಹೆಂಗಸರ ಡಾಕ್ಟರ ಬಳಿ ಹೋದಳು.

ಡಾಕ್ಟರ್ ತಾಳ್ಮೆಯ ಹೆಂಗಸು. ಎಲ್ಲ ವಿಚಾರಿಸಿದರು, ಪರೀಕ್ಷೆ ಮಾಡಿದರು. ರಕ್ತದ ವರದಿ ಬಂದ ಮೇಲೆ ಎದುರು ಕೂರಿಸಿಕೊಂಡು ಹೇಳಿದರು. "ನಿಮ್ಮ ಈಸ್ಟ್ರೋಜೆನ್ ತಳ ಸೇರಿದೆಯಮ್ಮ. ಆದ್ರೆ ಮೆದುಳಿಗೆ ಅದು ಒಪ್ಪಿಗೆ ಇಲ್ಲ. 'ಮಾಡು, ಮಾಡು' ಅಂತ ಇನ್ನೊಂದು ಹಾರ್ಮೋನ್ ಕಳಿಸಿ ಕೂಗ್ತಾನೇ ಇದೆ. ಅಂಡಾಶಯ ಓಗೊಡ್ತಿಲ್ಲ. ಅದಕ್ಕೇ ಇದು ಇಷ್ಟು ಕೆಳಗೆ, ಅದು ಅಷ್ಟು ಮೇಲೆ."

"ಹಾಗಾದ್ರೆ ನನಗೆ ತಲೆ ಕೆಟ್ಟಿಲ್ಲ?"

"ಇಲ್ಲಮ್ಮ."

ಅಷ್ಟಕ್ಕೇ ಇಸ್ತ್ರಿಯಮ್ಮ ಅತ್ತುಬಿಟ್ಟಳು.

ಡಾಕ್ಟರ್ ಬರೆದುಕೊಟ್ಟದ್ದು ಎರಡು. ಮಲಗುವಾಗ ಗರ್ಭಕೋಶದ ರಕ್ಷಣೆಗೆ ಒಂದು ಗುಳಿಗೆ. ಹಗಲು ತೋಳಿಗೆ ಹಚ್ಚಿಕೊಳ್ಳಲು ಒಂದು ಜೆಲ್. ಬಾಟಲಿಯ ತಲೆ ಒಮ್ಮೆ ಒತ್ತಿದರೆ ಬೇಕಾದಷ್ಟು ಬರುತ್ತದೆ. "ಒಂದೇ ಒತ್ತು. ಒಣಗಲಿ. ಕೈ ಸೋಪಿಂದ ತೊಳೀರಿ. ತೋಳು ಮುಚ್ಚೋ ಬಟ್ಟೆ ಹಾಕ್ಕೊಳ್ಳಿ. ಮನೇಲಿ ಚಿಕ್ಕ ಮಕ್ಕಳಿದ್ರೆ ಆ ಜಾಗ ಅವರ ಮೈಗೆ ತಾಗಲೇಬಾರ್ದು. ತಿಳೀತಾ?"

"ಹೂಂ," ಎಂದಳು. ತಿಳಿದಿತ್ತು. ಅದೇ ಮುಂದೆ ಆಕೆಯನ್ನು ಸುಟ್ಟದ್ದು. ಕಿವಿಗೆ ಬಿದ್ದಿರಲಿಲ್ಲ ಎಂದು ಆಕೆ ತನಗೇ ಹೇಳಿಕೊಳ್ಳುವಂತಿರಲಿಲ್ಲ.

ಮನೆಯಲ್ಲಿ ಬಾಟಲಿ ಕಂಡು ಸೊಸೆ ಕೇಳಿದಳು. "ಇದೇನು ಅತ್ತೆ?"

"ತೋಳುನೋವಿಗೆ. ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಸೆಳೀತದೆ."

ಎರಡು ವಾರ ಕಳೆಯುವಷ್ಟರಲ್ಲಿ ಬೆಂಕಿ ತಣಿಯತೊಡಗಿತು. ತಿಂಗಳಾಗುವಾಗ ಇಸ್ತ್ರಿಯಮ್ಮ ಬೆಳಗಿನವರೆಗೂ ಒಂದೇ ಮಗ್ಗುಲಲ್ಲಿ ಮಲಗುತ್ತಿದ್ದಳು. ಪ್ಯಾಂಟಿನ ಗೆರೆ ಕೂರಿಸುತ್ತ ಗುನುಗುತ್ತಿದ್ದಳು. ಸೊಸೆ ಕೆಲಸದಿಂದ ಬರುವಾಗ ಅಡುಗೆ ಮುಗಿದಿರುತ್ತಿತ್ತು. ಉಪ್ಪು ಕಡಿಮೆಯಾದರೆ ತಾನೇ ಹಾಕಿಕೊಳ್ಳುತ್ತಿದ್ದಳು. "ಅಮ್ಮನಿಗೆ ಏನಾಯ್ತೇ?" ಎಂದು ಮಗ ಹೆಂಡತಿಯನ್ನು ಕೇಳಿದ. "ಸುಮ್ನಿರಿ, ದೃಷ್ಟಿ ಆದೀತು," ಎಂದಳು ಆಕೆ.

ಒಂದು ಒತ್ತಿಗೆ ಇಷ್ಟು ಸುಖವಿದ್ದರೆ ಎರಡಕ್ಕೆ ಎಷ್ಟಿರಬಹುದು? ಗಿರಾಕಿಗಳ ದಟ್ಟಣೆ ಇದ್ದ ದಿನ ಎರಡು ಒತ್ತಿಕೊಂಡಳು. ಆಮೇಲೆ ಅದೇ ರೂಢಿಯಾಯಿತು, ಮೂರೂ ಆಯಿತು. ಮೊದಮೊದಲು ಉದ್ದ ತೋಳಿನ ಅಂಗಿ ಹಾಕುತ್ತಿದ್ದವಳು ಇಸ್ತ್ರಿ ಮೇಜಿನ ಧಗೆಗೆ ತೋಳು ಮಡಚಿದಳು. ಕೊನೆಗೆ ಹಳೆಯ ಅರೆತೋಳಿನ ಅಂಗಿಗೇ ಮರಳಿದಳು.

ಮಧ್ಯಾಹ್ನ ಸ್ನಾನ ಮಾಡಿ ಜೆಲ್ ಹಚ್ಚಿಕೊಂಡು ಬರುವ ಹೊತ್ತಿಗೆ ಮೊಮ್ಮಗಳು ಶಿಶುವಿಹಾರದಿಂದ ಬಂದಿರುತ್ತಿದ್ದಳು. ನಾಲ್ಕು ತುಂಬದ ಈ ಹುಡುಗಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಊಟವಾದ ಮೇಲೆ ಗುಬ್ಬಿಗೆ ಅಜ್ಜಿಯ ತೋಳೇ ದಿಂಬು. ಕೆನ್ನೆ, ಬಾಯಿ, ಬರಿಯ ಎದೆ, ಎಲ್ಲವನ್ನೂ ಆ ತೋಳಿಗೆ ಒತ್ತಿಕೊಂಡು ಮಲಗುತ್ತಿದ್ದಳು. ಮಗು ಎದ್ದೀತೆಂದು ಇಸ್ತ್ರಿಯಮ್ಮ ಕೈ ಜೋಮು ಹಿಡಿದರೂ ಅಲ್ಲಾಡುತ್ತಿರಲಿಲ್ಲ.

ಎರಡು ತಿಂಗಳು ಹೀಗೆ ಹೋಯಿತು. ಒಂದು ಬೆಳಿಗ್ಗೆ ಸೊಸೆ ಮಗುವಿಗೆ ಬಿಗಿಯಾದ ಫ್ರಾಕು ತೊಡಿಸುತ್ತಿದ್ದಾಗ ಗುಬ್ಬಿ ಚೀರಿದಳು.

"ಅಮ್ಮಾ, ಇಲ್ಲಿ ನೋವು."

ಸೊಸೆ ಬೆರಳಿಟ್ಟು ನೋಡಿದಳು. ಮೊಲೆತೊಟ್ಟಿನ ಅಡಿಯಲ್ಲಿ ಗುಂಡಿಯಷ್ಟು ಗಟ್ಟಿ. ಇನ್ನೊಂದು ಕಡೆ ಮುಟ್ಟಿದಳು. ಅಲ್ಲೂ ಇತ್ತು.

"ರೀ, ಬನ್ನಿ ಇಲ್ಲಿ," ಎಂದಳು. ದನಿ ಕೇಳಿಯೇ ಮಗ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದ.

ಮಕ್ಕಳ ಡಾಕ್ಟರ್ ರಕ್ತ ತೆಗೆಸಿದರು. ವರದಿ ಬರುವ ಮೊದಲೇ ಸೊಸೆ ಅಡುಗೆಮನೆಯ ಮೇಲೆ ಯುದ್ಧ ಸಾರಿದಳು. ಕೋಳಿ ನಿಂತಿತು. ಹಾಲಿನವನನ್ನು ಬದಲಾಯಿಸಿದಳು. ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಕಸದ ಬುಟ್ಟಿ ಸೇರಿದವು. ಮನೆಮಂದಿಯೆಲ್ಲ ಬೇಯಿಸಿದ ಸೊಪ್ಪು, ಬೇಯಿಸಿದ ಆಲೂಗಡ್ಡೆ ತಿಂದರು. "ಮಗೂಗೆ ಬಂದಿದ್ದು ರೋಗವೋ, ನಮಗೆ ಬಂದಿದ್ದು ಶಿಕ್ಷೆಯೋ," ಎಂದು ಮುತ್ತಜ್ಜಿ ಗೊಣಗಿದಳು. ಯಾರೂ ನಗಲಿಲ್ಲ.

ವರದಿ ಬಂದ ಸಂಜೆ ಇಸ್ತ್ರಿಯಮ್ಮ ಎಲ್ಲರಿಗೂ ಸೂಪು ಬಡಿಸುತ್ತಿದ್ದಳು. ಸೊಸೆ ಕೈಚೀಲವನ್ನೂ ಇಳಿಸದೆ ಕುರ್ಚಿಯಲ್ಲಿ ಕೂತಳು.

"ಮಗೂ ಮೈಯಲ್ಲಿ ಈಸ್ಟ್ರೋಜೆನ್ ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇದೆಯಂತೆ. ಒಳಗೆ ಎಲ್ಲೋ ಗಡ್ಡೆ ಗಿಡ್ಡೆ ಇದ್ದು ಅದು ಮಾಡ್ತಿರಬೇಕು, ಇಲ್ಲಾ ಹೊರಗಿಂದ ಬರ್ತಿರಬೇಕು ಅಂದ್ರು. ಮನೇಲಿ ಯಾರಾದ್ರೂ ಹಾರ್ಮೋನಿನ ಮಾತ್ರೆ, ಕ್ರೀಮು, ಏನಾದ್ರೂ ಉಪಯೋಗಿಸ್ತಾರಾ ಅಂತ ಕೇಳಿದ್ರು."

ಇಸ್ತ್ರಿಯಮ್ಮನ ಕೈಯ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು.

"ನೀನೇನಂದೆ?" ಎಂದ ಮಗ.

"ಯಾರೂ ಇಲ್ಲ ಅಂದೆ. ಇದ್ದಾರಾ? ಅಜ್ಜಿ, ನಿಮ್ಮ ಮಾತ್ರೆಗಳು?"

"ನನ್ನದು ಬಿ.ಪಿ.ದು. ಜೊತೆಗೆ ಆ ಟಾನಿಕ್ಕು."

"ಅತ್ತೆ, ನೀವು?"

"ನಾನೆಂಥ ಮಾತ್ರೆ ತಗೋತೀನಿ?" ಎಂದಳು ಇಸ್ತ್ರಿಯಮ್ಮ. "ಸೂಪು ಆರ್ತಿದೆ, ಕುಡೀರಿ."

ಗುಬ್ಬಿ ತನ್ನ ಬಟ್ಟಲಿನಿಂದ ತಲೆ ಎತ್ತಿ, "ಮುತ್ತಜ್ಜಿ ನಂಗೂ ಟಾನಿಕ್ ಕೊಡ್ತಾಳೆ. ಸಿಹಿ ಇದೆ," ಎಂದಳು.

ಮೇಜಿನ ಸುತ್ತ ಎಲ್ಲರ ಕೈಯೂ ನಿಂತಿತು.

"ಒಂದೊಂದು ಚಮಚ," ಎಂದಳು ಮುತ್ತಜ್ಜಿ. "ಹಸಿವಾಗ್ಲಿ ಅಂತ. ಅದರಲ್ಲೇನಿದೆ?"

"ಅದರಲ್ಲೇನಿದೆ ಅಂತ ನಿಮಗೆ ಗೊತ್ತಾ ಅಜ್ಜಿ? ಬಾಟಲಿ ಮೇಲಿನ ಚೀಟಿ ಓದೋಕೆ ಕಣ್ಣು ಕಾಣಲ್ಲ, ಮಗೂ ಬಾಯಿಗೆ ಹಾಕೋಕೆ ಕಾಣುತ್ತಾ?"

ಸೊಸೆ ಎದ್ದು ಹೋಗಿ ಟಾನಿಕ್ಕಿನ ಬಾಟಲಿ ತಂದು ಬಚ್ಚಲಿಗೆ ಸುರಿದಳು. ಸ್ವಲ್ಪ ಪರೀಕ್ಷೆಗೆಂದು ಉಳಿಸಿಕೊಂಡಳು. ಅದು ಬರಿಯ ಕಬ್ಬಿಣಾಂಶದ ಟಾನಿಕ್ ಎಂದು ಔಷಧಿ ಅಂಗಡಿಯವನು ಹೇಳಿದರೂ ಆಕೆಗೆ ಸಮಾಧಾನವಾಗಲಿಲ್ಲ. ಹೆದರಿದ ತಾಯಿಗೆ ಒಬ್ಬ ಅಪರಾಧಿ ಬೇಕಿತ್ತು, ಸಿಕ್ಕಿದ್ದಳು. ಅಂದಿನಿಂದ ಗುಬ್ಬಿಯನ್ನು ಮುತ್ತಜ್ಜಿಯ ಕುರ್ಚಿಯ ಬಳಿ ಬಿಡಲಿಲ್ಲ.

ಇಸ್ತ್ರಿಯಮ್ಮ ಬಾಯಿ ಬಿಡಲಿಲ್ಲ. ಮರುದಿನ ಬಾಟಲಿಯನ್ನು ಕಪಾಟಿನ ಒಳಗೆ, ಚಾದರಗಳ ಹಿಂದೆ ಇಟ್ಟಳು. ನಾಲ್ಕಾರು ದಿನ ಹಚ್ಚಲಿಲ್ಲ. ಬೆಂಕಿ ಮತ್ತೆ ಬಂದು, ಕೆಂಪಾದ ಮುಖ ನೋಡಿ ಮಗ "ಜ್ವರಾನಾ ಅಮ್ಮ?" ಎಂದಾಗ ಭಯವಾಯಿತು. ಇನ್ನು ತೋಳಿಗೆ ಬೇಡ, ತೊಡೆಗೆ ಹಚ್ಚಿಕೊಂಡರಾಯಿತು, ಮಗುವಿಗೆ ತಾಗುವುದಿಲ್ಲ, ಗಂಟೂ ತಾನಾಗಿಯೇ ಕರಗೀತು ಎಂದು ಮನಸ್ಸಿಗೆ ಒಪ್ಪಿಸಿದಳು. ಮಧ್ಯಾಹ್ನ ಗುಬ್ಬಿ ಪಕ್ಕಕ್ಕೆ ಬಂದರೆ ಸರಿಸಿದಳು.

"ಅಜ್ಜಿ ತೋಳು ನೋಯ್ತದೆ ಕಂದ, ದಿಂಬಿನ ಮೇಲೆ ಮಲಗು."

"ಮುತ್ತಜ್ಜಿ ಹತ್ರ ಹೋಗ್ಬಾರ್ದು, ನಿನ್ನ ಹತ್ರಾನೂ ಬರ್ಬಾರ್ದು. ನಾನೇನು ಮಾಡ್ದೆ?" ಎಂದು ಮಗು ಗೋಡೆಯ ಕಡೆ ತಿರುಗಿ ಬಿಕ್ಕಿತು.

ಇಸ್ತ್ರಿಯಮ್ಮ ಕೆಳಗಿಳಿದು, ಇಸ್ತ್ರಿಯಾಗಿದ್ದ ಅಂಗಿಗಳನ್ನೇ ಬಿಚ್ಚಿ ಮತ್ತೆ ಇಸ್ತ್ರಿ ಮಾಡಿದಳು.

ಹೊಟ್ಟೆಯ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಗಂಟೂ ಕರಗಲಿಲ್ಲ. ಮಗುವಿಗೆ ಮಂಪರು ಕೊಟ್ಟು, ಅಲ್ಲಾಡದಂತೆ ಮಲಗಿಸಿ ದೊಡ್ಡ ಯಂತ್ರದಲ್ಲಿ ನೋಡಬೇಕು ಎಂದರು. ಸೊಸೆ ಕೆಲಸಕ್ಕೆ ರಜೆ ಹಾಕಿದಳು. ಒಂದು ಸಲ ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಕೊಟ್ಟು ಮಾಲೀಕರಿಂದ ಬೈಸಿಕೊಂಡಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮಗ ಒಂದು ಮಧ್ಯಾಹ್ನ ಅಂಗಡಿಗೆ ಬಂದು ತಾಯಿಯ ಎದುರು ನಿಂತ.

"ಅಜ್ಜಿನ ಸ್ವಲ್ಪ ದಿನ ಸೋದರತ್ತೆ ಮನೇಲಿ ಬಿಟ್ಟು ಬರ್ತೀನಮ್ಮ. ಇವಳು ಅಜ್ಜಿ ಮುಖ ನೋಡಿದ್ರೆ ಉರೀತಾಳೆ. ಭಾನುವಾರ ಊಟ ಮುಗಿಸಿ ಹೊರಡ್ತೀವಿ."

"ಅಜ್ಜಿ ಏನಂದ್ರು?"

"ಸರಿ ಅಂದ್ರು. ಅದೇ ನನಗೆ ಹೆದರಿಕೆ. ಅಜ್ಜಿ ಯಾವತ್ತಾದ್ರೂ 'ಸರಿ' ಅಂದಿದ್ದು ಕೇಳಿದ್ದೀಯಾ?"

ಇಸ್ತ್ರಿಯಮ್ಮ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಳು. ಹಬೆ ಎದ್ದು ಮುಖ ಮರೆಯಾಯಿತು.

ಭಾನುವಾರ ಮಧ್ಯಾಹ್ನ ಮುತ್ತಜ್ಜಿಯ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಕ್ಯಾರೆಟ್. ಮುತ್ತಜ್ಜಿ ಎರಡು ತುತ್ತು ತಿಂದು ಕೈ ಒರೆಸಿಕೊಂಡು, ಸೊಸೆಯ ಕಡೆ ತಿರುಗಿದಳು.

"ಮಂಗಳವಾರ ಮಗೂನ ಆ ಯಂತ್ರದಲ್ಲಿ ಮಲಗಿಸ್ತಾರಲ್ಲ. ಅದಕ್ಕೆ ಮೊದಲು ಒಂದ್ಸಲ ಅದರ ತಲೆ ಮುಟ್ಟಿ ಹೋಗ್ಲಾ ಅಮ್ಮ?"

ಜನ್ಮದಲ್ಲಿ ಯಾರ ಅಪ್ಪಣೆಯನ್ನೂ ಕೇಳದ ಮುದುಕಿ. ಸೊಸೆ ತಟ್ಟೆ ನೋಡುತ್ತ, "ದೂರದಿಂದಾನೇ ಮಾತಾಡಿಸಿ ಅಜ್ಜಿ," ಎಂದಳು.

"ಹೂಂ, ಸರಿ."

ಇಸ್ತ್ರಿಯಮ್ಮ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಅವರದಲ್ಲ. ನನ್ನದು," ಎಂದಳು. "ಮಗೂ ಮೈಗೆ ಹತ್ತಿದ್ದು ನನ್ನ ಮದ್ದು. ತೋಳುನೋವಿನದಲ್ಲ ಅದು. ಹಾರ್ಮೋನಿಂದು. ಮಗೂಗೆ ತಾಗಿಸ್ಬೇಡಿ ಅಂತ ಡಾಕ್ಟರು ಹೇಳಿದ್ರು. ನಾನು ತೋಳಿಗೆ ಹಚ್ಕೊಂಡು ಅದೇ ತೋಳಿನ ಮೇಲೆ ಮಲಗಿಸ್ಕೊಂಡೆ. ಒಂದು ಹಚ್ಚು ಅಂದ್ರೆ ಮೂರು ಹಚ್ಕೊಂಡೆ."

ಮಗನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಸೊಸೆಗೆ ಆಗಲೇ ಆಗಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ?"

"ನೀನು ಕೇಳಿದ ಸಂಜೆ. ಸೂಪು ಬಡಿಸುವಾಗ."

"ನಾನು ನಿಮ್ಮ ಹೆಸರು ಹಿಡಿದು ಕೇಳ್ದೆ ಅತ್ತೆ. ಕುಡೀರಿ, ಆರ್ತಿದೆ ಅಂದ್ರಿ." ಸೊಸೆಯ ದನಿ ಈಗಲೂ ಏರಲಿಲ್ಲ. "ಮೂರು ವಾರದಿಂದ ನಾನು ಗಡ್ಡೆ, ಗಡ್ಡೆ ಅಂತ ಕಣ್ಣು ಮುಚ್ಚಿಲ್ಲ. ಪಕ್ಕದ ಕೋಣೇಲಿ ನೀವು ನಿದ್ದೆ ಮಾಡ್ತಿದ್ರಿ. ಗೊರಕೆ ಕೇಳಿಸ್ತಿತ್ತು ನನಗೆ. 'ಪಾಪ, ಅತ್ತೆಗಾದ್ರೂ ನಿದ್ದೆ ಹತ್ತುತ್ತಲ್ಲ' ಅಂದ್ಕೊಂಡಿದ್ದೆ."

ಹೊಡೆದಿದ್ದರೆ ಇಸ್ತ್ರಿಯಮ್ಮನಿಗೆ ಹಗುರವಾಗುತ್ತಿತ್ತೇನೋ.

"ಯಾಕಮ್ಮ ಹೇಳಲಿಲ್ಲ?" ಎಂದ ಮಗ.

"ನಾಚಿಕೆ ಆಯ್ತು. ನಗ್ತೀರಿ ಅಂತ. ಆಮೇಲೆ... ಆಮೇಲೆ ಹೇಳೋ ಹೊತ್ತು ಮೀರಿತ್ತು."

ಮುತ್ತಜ್ಜಿ ಗಂಟಲು ಸರಿಮಾಡಿಕೊಂಡಳು. "ನಕ್ಕಿದ್ದು ನಾನು. ಅದು ನನ್ನ ತಪ್ಪು. ಮುಚ್ಚಿಟ್ಟಿದ್ದು ನಿನ್ನದು. ನನ್ನದನ್ನ ನಿನ್ನದಕ್ಕೆ ಗಂಟು ಹಾಕ್ಬೇಡ." ಬಾಗಿಲ ಬಳಿಯ ಚೀಲದತ್ತ ಕೈ ತೋರಿಸಿದಳು. "ನನ್ನ ಚೀಲ ಕಟ್ಟುವಾಗ ಬಟ್ಟೆ ಮಡಚಿಕೊಟ್ಟವಳು ನೀನೇ ಅಲ್ವೇನೇ? ಹೇಗೆ ಮಡಚಿದೆ?"

ಆ ಮಾತಿಗೆ ಇಸ್ತ್ರಿಯಮ್ಮ ನೆಲಕ್ಕೆ ಕೂತಳು.

ಮುತ್ತಜ್ಜಿಯ ಚೀಲ ಒಳಗೆ ಹೋಯಿತು. ಅದೇ ಮಧ್ಯಾಹ್ನ ಸೊಸೆಯ ಚೀಲ ಹೊರಬಂದಿತು. ಹೊರಡುವ ಮೊದಲು ಆಕೆ ಮುತ್ತಜ್ಜಿಯ ಕುರ್ಚಿಯ ಬಳಿ ಬಂದು ಗುಬ್ಬಿಯನ್ನು ಅವಳ ಮಡಿಲಲ್ಲಿ ಕೂರಿಸಿದಳು. "ಅಜ್ಜಿ, ನಾನು ಆಡಬಾರದ್ದು ಆಡಿದೆ," ಎಂದಳು. ಇಸ್ತ್ರಿಯಮ್ಮನ ಕಡೆ ನೋಡದೆ ಮಗುವನ್ನು ಎತ್ತಿಕೊಂಡು ತಾಯಿಯ ಮನೆಗೆ ಹೋದಳು.

ಮಕ್ಕಳ ಡಾಕ್ಟರ್ ದೊಡ್ಡ ಸ್ಕ್ಯಾನ್ ಬೇಡವೆಂದರು. ಮದ್ದು ತಾಗುವುದು ನಿಂತರೆ ರಕ್ತದಲ್ಲಿ ತಾನಾಗಿ ಇಳಿಯುತ್ತದೆ, ಗಂಟು ಕರಗಲು ಕೆಲವು ತಿಂಗಳು ಬೇಕಾದೀತು, ಕಾಯೋಣ ಎಂದರು. ಮಗ ಅದನ್ನು ಫೋನಿನಲ್ಲಿ ಕೇಳಿ ಬಂದು ಹೇಳಿದಾಗ ಇಸ್ತ್ರಿಯಮ್ಮ ತಲೆಯಾಡಿಸಿದಳು. ಬಾಟಲಿಯಲ್ಲಿ ಉಳಿದದ್ದನ್ನು ಔಷಧಿ ಅಂಗಡಿಗೆ ಹಿಂದಿರುಗಿಸಿದ್ದಳು. ಮಗುವಿನೊಂದಿಗೆ ಮಲಗುತ್ತಿದ್ದ ಹಾಸಿಗೆಯ ಚಾದರ, ದಿಂಬಿನ ಹೊದಿಕೆ, ಟವೆಲ್ಲು, ಅರೆತೋಳಿನ ಅಂಗಿ, ಎಲ್ಲವನ್ನೂ ಕುದಿಯುವ ನೀರಿನಲ್ಲಿ ಒಗೆದಿದ್ದಳು.

ಮಗನ ಬಲವಂತಕ್ಕೆ ಹೆಂಗಸರ ಡಾಕ್ಟರ ಬಳಿಯೂ ಹೋಗಿ ಬಂದಳು. ಜೆಲ್ ಬಿಡುವ ಮುಂಚಿನ ಅವಳ ರಕ್ತದ ವರದಿ ಅಲ್ಲಿತ್ತು. ಮೂರು ತಿಂಗಳ ತಪಾಸಣೆಗೆಂದು ರಕ್ತ ಕೊಟ್ಟಿದ್ದಳು, ಫಲಿತಾಂಶ ಕೇಳಲು ಹೋಗಿರಲಿಲ್ಲ. "ಇದೇನಮ್ಮ, ತಳದಲ್ಲಿದ್ದದ್ದು ಛಾವಣಿಗೆ ಮುಟ್ಟಿದೆ! ಹರೆಯದಲ್ಲೂ ನಿಮಗೆ ಇಷ್ಟಿದ್ದಿರಲಾರದು," ಎಂದು ಡಾಕ್ಟರ್ ಗದರಿದರು. ಸರಿಯಾದ ಅಳತೆಯ ಮಾತ್ರೆ ಬರೆದುಕೊಟ್ಟರು. ನುಂಗುವ ಮಾತ್ರೆ, ಯಾರಿಗೂ ತಾಗುವುದಿಲ್ಲ. ಇಸ್ತ್ರಿಯಮ್ಮ ಚೀಟಿ ಮಡಚಿ ತಂದಳು, ಮಾತ್ರೆ ತರಲಿಲ್ಲ.

ಬೆಂಕಿ ಮರಳಿ ಬಂತು, ಬಡ್ಡಿ ಸಮೇತ. ಬರಲಿ ಎಂದುಕೊಂಡಳು. ಫ್ಯಾನು ಹಾಕಿಕೊಳ್ಳಲಿಲ್ಲ. ಸಿಡುಕಲೂ ಇಲ್ಲ, ಸಿಡುಕು ಬಂದಾಗ ತುಟಿ ಕಚ್ಚಿಕೊಂಡು ನೀರಿನ ತೊಟ್ಟಿಯ ಬಳಿ ಹೋಗಿ ನಿಲ್ಲುತ್ತಿದ್ದಳು. ಮುತ್ತಜ್ಜಿ ಎರಡು ವಾರ ಅವಳೊಂದಿಗೆ ಮಾತಾಡಲಿಲ್ಲ. ಹದಿನೈದನೆಯ ದಿನವೋ ಏನೋ, "ಬೇಳೆಗೆ ಉಪ್ಪಿಲ್ಲ," ಎಂದಳು. ಇಸ್ತ್ರಿಯಮ್ಮನಿಗೆ ಅದು ಕ್ಷಮೆಯಂತೆಯೇ ಕೇಳಿಸಿತು.

ಎರಡನೇ ರಕ್ತ ಪರೀಕ್ಷೆಯಲ್ಲಿ ಮಗುವಿನ ಮಟ್ಟ ಇಳಿದಿತ್ತು. ಆ ವಾರವೇ ಸೊಸೆ ಹಿಂತಿರುಗಿದಳು. ಗುಬ್ಬಿ ಮೆಟ್ಟಿಲು ಹತ್ತಿ ಓಡಿ ಬಂದು ಅಜ್ಜಿಯ ಕಾಲು ಹಿಡಿದಳು. ಇಸ್ತ್ರಿಯಮ್ಮ ಎರಡೂ ಕೈ ಮೇಲೆತ್ತಿ ನಿಂತಳು, ಪೊಲೀಸರ ಎದುರು ನಿಂತವಳ ಹಾಗೆ.

"ಕೈ ಇಳಿಸಿ ಅತ್ತೆ," ಎಂದಳು ಸೊಸೆ. "ಮಗೂ ಹೆದರ್ಕೋತಾಳೆ."

ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಸೊಸೆ ಅವಳ ಮುಖ ದಿಟ್ಟಿಸಿದಳು. ಕೆಂಪಾಗಿತ್ತು, ಕುತ್ತಿಗೆಯಿಂದ ನೀರಿಳಿಯುತ್ತಿತ್ತು.

"ಮಾತ್ರೆ ಬರೆದುಕೊಟ್ಟಿದ್ದಾರಂತೆ. ಯಾಕೆ ತಗೋತಿಲ್ಲ?"

"ನನಗ್ಯಾಕೆ ಅದು? ಮಗೂಗೆ ಅಷ್ಟು ಮಾಡಿದ ಮೇಲೆ."

"ನೀವು ಹೀಗೆ ಬೇಯ್ತಾ ಇದ್ರೆ ನನ್ನ ಮಗಳ ಗಂಟು ಬೇಗ ಕರಗುತ್ತಾ?"

"ಇಲ್ಲ."

"ಮತ್ತೆ ಯಾರಿಗೆ ತೋರ್ಸೋಕೆ ಇದು? ನನಗಾ? ನೀವು ಬೇಯೋದನ್ನ ನೋಡ್ತಾ ಕೂರೋ ಕೆಲಸಾನೂ ನನಗೇ ಹಚ್ತೀರಾ?" ಮೊದಲ ಬಾರಿಗೆ ಸೊಸೆಯ ದನಿ ಏರಿತು, ಒಡೆಯಿತು. "ನಂಗೆ ಕೋಪ ಇದೆ ಅತ್ತೆ. ಇನ್ನೂ ಇದೆ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಅದನ್ನ ನನ್ನ ಪಾಡಿಗೆ ಬಿಡಿ. ಚೀಟಿ ಕೊಡಿ ಇಲ್ಲಿ, ಬರುವಾಗ ತರ್ತೀನಿ."

ಮಾತ್ರೆ ಬಂತು. ಎಲ್ಲರಿಗೂ ಕಾಣುವಂತೆ ಊಟದ ಮೇಜಿನ ಮೇಲೆ, ಮುತ್ತಜ್ಜಿಯ ಬಿ.ಪಿ. ಮಾತ್ರೆಯ ಪಕ್ಕದಲ್ಲಿಟ್ಟರು. ಇಸ್ತ್ರಿಯಮ್ಮ ನುಂಗುವಾಗ ಪ್ರತಿ ಸಲ ತಲೆ ತಗ್ಗಿಸುತ್ತಿದ್ದಳು. ನಿದ್ದೆ ಮೆಲ್ಲಗೆ ಮರಳಿತು, ಮೊದಲಿನಷ್ಟಲ್ಲ. ಮಗ್ಗುಲು ಬದಲಿಸುವಾಗೆಲ್ಲ ಪಕ್ಕದ ಕೋಣೆಯಲ್ಲಿ ಯಾರಾದರೂ ಎಚ್ಚರವಿದ್ದಾರೆಯೇ ಎಂದು ಕಿವಿಗೊಡುತ್ತಿದ್ದಳು.

ಸೊಸೆ ಮಗುವಿಗೆ ಸ್ನಾನ ಮಾಡಿಸುವಾಗ ಒಂದು ಕ್ಷಣ ಬಚ್ಚಲುಮನೆಯಲ್ಲಿ ನೀರಿನ ಸದ್ದೂ ಮಾತೂ ನಿಲ್ಲುತ್ತಿತ್ತು. ಆಗ ಆಕೆ ಹೆಬ್ಬೆರಳಿಟ್ಟು ನೋಡುತ್ತಿದ್ದಾಳೆಂದು ಇಸ್ತ್ರಿಯಮ್ಮನಿಗೆ ಗೊತ್ತು. ಏನು ಕೆಲಸವಿದ್ದರೂ ಬಿಟ್ಟು ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಕೇಳುವ ಧೈರ್ಯವಿರಲಿಲ್ಲ. ಸೊಸೆ ಹೊರಬಂದು ಮಗುವನ್ನು ಒರೆಸುತ್ತ ಹಾದುಹೋಗುತ್ತಿದ್ದಳು. ತಿಂಗಳುಗಳು ಹೀಗೇ ಉರುಳಿದವು.

ಒಂದು ಬೆಳಿಗ್ಗೆ ಒಳಗಿನ ಮೌನ ಎಂದಿಗಿಂತ ಉದ್ದವಾಯಿತು. ಇಸ್ತ್ರಿಯಮ್ಮ ಗೋಡೆಗೆ ಕೈ ಊರಿದಳು.

"ಅತ್ತೆ," ಎಂದು ಒಳಗಿನಿಂದ ದನಿ ಬಂತು. "ಅಲ್ಲೇ ಇದ್ದೀರಲ್ಲ?"

"ಇದ್ದೀನಿ."

"ಎರಡೂ ಕಡೆ ನೋಡ್ದೆ. ಏನೂ ಇಲ್ಲ."

ಒಳಗೆ ಮತ್ತೆ ನೀರು ಸುರಿಯುವ ಸದ್ದು, ಗುಬ್ಬಿಯ ಕೂಗು.

"ನಿಂತಿರೋದು ಸಾಕು," ಎಂದಳು ಸೊಸೆ. "ಟವೆಲ್ ತಗೊಂಡು ಒಳಗೆ ಬನ್ನಿ. ಇವಳನ್ನ ನೀವೇ ಒರೆಸಿ, ನನಗೆ ಕೆಲಸಕ್ಕೆ ಹೊತ್ತಾಯ್ತು."